ಗೈಡ್‌ಲೈನ್ ಹುಡುಕುವ ಟೂಲ್ 'ಏನೂ ಸಿಗಲಿಲ್ಲ' ಅಂದರೆ ಏನರ್ಥ?

ಬೆಂಗಳೂರಿನ ಒಂದು ಔಷಧ ಕಂಪನಿಯಲ್ಲಿ ರೆಗ್ಯುಲೇಟರಿ ಅಫೇರ್ಸ್ ನನ್ನ ಕೆಲಸ. ಮಾತ್ರೆ ಮಾಡುವವರು ಬೇರೆ, ಪರೀಕ್ಷೆ ಮಾಡುವವರು ಬೇರೆ. ಎಲ್ಲವೂ ನಿಯಮದ ಪ್ರಕಾರ ನಡೆದಿದೆ ಅಂತ ಡಾಸಿಯರ್‌ನಲ್ಲಿ ಬರೆದು ಆಯಾ ದೇಶದ ನಿಯಂತ್ರಕರಿಗೆ ಕಳಿಸುವುದು ನಮ್ಮ ಪಾಲು. ದಿನಾ ಯಾವುದಾದರೂ ಗೈಡ್‌ಲೈನ್ ತೆಗೆಯಲೇಬೇಕು. ಶೇರ್ಡ್ ಫೋಲ್ಡರ್‌ನಲ್ಲಿ ಪಿಡಿಎಫ್‌ಗಳ ರಾಶಿ ಇತ್ತು. 'ಫೈನಲ್', 'ಫೈನಲ್ ನ್ಯೂ' ಅಂತೆಲ್ಲ ಹೆಸರು. ಕೊನೆಗೆ ಐಟಿಯವರ ಜೊತೆ ಕೂತು ಹುಡುಕುವ ಟೂಲ್ ಒಂದನ್ನು ಮಾಡಿಸಿದೆವು.

ಶುರುವಿನ ತಲೆನೋವು ಹೆಸರುಗಳದ್ದು. ಔಷಧ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್. ಔಷಧ ಎಷ್ಟು ಕಾಲ ಕೆಡದೆ ಇರುತ್ತದೆ ಅಂತ ನೋಡುವ ಅದರ ಸ್ಟೆಬಿಲಿಟಿ ಗೈಡ್‌ಲೈನ್ ಹೆಸರು ಕ್ಯೂ1ಎ(ಆರ್2). ಒಬ್ಬರು ಬ್ರಾಕೆಟ್ ಹಾಕಿ ಹುಡುಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ, ಮತ್ತೊಬ್ಬರು ನಡುವೆ ಜಾಗ ಬಿಡುತ್ತಾರೆ. ಇದನ್ನು ಐಟಿಯ ಹುಡುಗ ಒಂದೇ ಸಂಜೆ ಸರಿ ಮಾಡಿದ. ಆದರೆ ಜಾಸ್ತಿ ಜನ ಗೈಡ್‌ಲೈನ್ ಹೆಸರೇ ಹೊಡೆಯುವುದಿಲ್ಲ. "ಸ್ಟೆಬಿಲಿಟಿ 30/75" ಅಂತ ಹೊಡೆಯುತ್ತಾರೆ. ಅಂದರೆ ಔಷಧವನ್ನು ಇಟ್ಟು ನೋಡುವ ಸ್ಥಿತಿ: 30 ಡಿಗ್ರಿ, ಶೇ. 75 ತೇವಾಂಶ. ಕ್ಯೂ1ಎ ಹೇಳುವ ಸಾಮಾನ್ಯ ದೀರ್ಘಾವಧಿ ಸ್ಥಿತಿ 25/60 ಅಥವಾ 30/65. 30/75 ಕೇಳುವುದು ಬ್ರೆಜಿಲ್, ಆಸಿಯಾನ್ ಮಾರುಕಟ್ಟೆಗಳು. ಹಾಗಾಗಿ ಯಾವ ದೇಶಕ್ಕೆ ಅಂತ ಕೇಳದೆ ಉತ್ತರ ಕೊಡುವ ಟೂಲ್ ನಮಗೆ ಉಪಯೋಗವಿಲ್ಲ. ಈಗ ಹುಡುಕುವ ಡಬ್ಬಿಯ ಪಕ್ಕದಲ್ಲೇ ಮಾರ್ಕೆಟ್ ಆರಿಸಬೇಕು. ಆರಿಸದಿದ್ದರೆ ಮುಂದಕ್ಕೆ ಹೋಗಲ್ಲ. ಬೈಸಿಕೊಂಡೆವು, ಆದರೂ ತೆಗೆಯಲಿಲ್ಲ.

ನನಗೆ ನಿಜಕ್ಕೂ ಕಣ್ಣು ತೆರೆಸಿದ್ದು ಟೂಲ್ ಪರೀಕ್ಷೆಯ ಸಮಯ. ಬೇಕಂತಲೇ ಕ್ಯೂ3ಸಿಯ ಹಳೆಯ ಪಿಡಿಎಫ್ ಒಂದನ್ನೇ ಹಾಕಿ, ಸಿಪಿಎಂಇ ಅಂತ ಹುಡುಕಿದೆ. ಅದು ಸೈಕ್ಲೋಪೆಂಟೈಲ್ ಮೀಥೈಲ್ ಈಥರ್ ಅನ್ನುವ ದ್ರಾವಕ. ಔಷಧದಲ್ಲಿ ಉಳಿಯುವ ದ್ರಾವಕಗಳಿಗೆ ಮಿತಿ ಹಾಕುವುದೇ ಕ್ಯೂ3ಸಿ. 2021ರಲ್ಲಿ ಬಂದ ಆರ್8 ಆವೃತ್ತಿ ಸಿಪಿಎಂಇಗೆ ದಿನಕ್ಕೆ 15 ಮಿಲಿಗ್ರಾಂ ಮಿತಿ ಇಟ್ಟಿತು. ಅದಕ್ಕೆ ಮುಂಚಿನ ಪಟ್ಟಿಯಲ್ಲಿ ಈ ಹೆಸರೇ ಇಲ್ಲ. ಟೂಲ್ ಹೇಳಿದ್ದು ಇಷ್ಟೇ: 'ಏನೂ ಸಿಗಲಿಲ್ಲ.'

ಟೂಲ್ ಲೆಕ್ಕದಲ್ಲಿ ಅದು ಸರಿಯೇ. ಆದರೆ ಲ್ಯಾಬ್‌ನಲ್ಲಿ ಅವಸರದಲ್ಲಿರುವ ಮನುಷ್ಯ ಅದನ್ನು ಹೇಗೆ ಓದುತ್ತಾನೆ? 'ಮಿತಿಯೇ ಇಲ್ಲ' ಅಂತ ತಾನೇ? ತಪ್ಪು ಪುಟ ತೋರಿಸಿದರೆ ಯಾರಾದರೂ ಓದಿ ಹಿಡಿಯುತ್ತಾರೆ. ಖಾಲಿ ಪುಟದಲ್ಲಿ ಹಿಡಿಯಲು ಏನಿದೆ? ಆವತ್ತಿನಿಂದ ನಮ್ಮ ಟೂಲ್ ಬರೀ 'ಇಲ್ಲ' ಅನ್ನುವುದಿಲ್ಲ. ಯಾವ ಯಾವ ದಾಖಲೆಯಲ್ಲಿ ಹುಡುಕಿದೆ, ಅವು ಯಾವ ಆವೃತ್ತಿ, ಮೂಲ ವೆಬ್‌ಸೈಟ್ ಜೊತೆ ಕೊನೆಗೆ ತಾಳೆ ನೋಡಿದ ತಾರೀಕು ಯಾವುದು, ಇಷ್ಟನ್ನೂ ಹೇಳುತ್ತದೆ. ತಾಳೆ ನೋಡಿದವರ ಹೆಸರೂ ಇರುತ್ತದೆ. ಹೆಸರು ಹಾಕಿದ ಮೇಲೆ ತಾಳೆ ನೋಡುವ ಕೆಲಸ ಸರಿಯಾದ ಸಮಯಕ್ಕೆ ಆಗುತ್ತಿದೆ ನೋಡಿ!

ನೈಟ್ರೋಸಮೈನ್ ಅಂದರೆ ಕ್ಯಾನ್ಸರ್ ತರಬಹುದಾದ ಕಲ್ಮಶಗಳ ಗುಂಪು. ಅದರ ವಿಷಯ ಇನ್ನೂ ಕಷ್ಟ. 2018ರಲ್ಲಿ ಬಿಪಿ ಮಾತ್ರೆ ವಾಲ್ಸಾರ್ಟಾನ್‌ನಲ್ಲಿ ಎನ್‌ಡಿಎಂಎ ಅನ್ನುವ ನೈಟ್ರೋಸಮೈನ್ ಸಿಕ್ಕ ಮೇಲೆ ಈ ಜಾಗ ನಿಂತಲ್ಲಿ ನಿಲ್ಲುತ್ತಿಲ್ಲ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2020ರಲ್ಲಿ ಗೈಡೆನ್ಸ್ ತಂದು, 2021ರಲ್ಲಿ ಬದಲಿಸಿ, 2024ರಲ್ಲಿ ಮತ್ತೆ ಬದಲಿಸಿತು. ಅತಿ ಅಪಾಯದ ಗುಂಪಿನ ನೈಟ್ರೋಸಮೈನ್‌ಗೆ ದಿನಕ್ಕೆ ಯುರೋಪ್ ಹೇಳುವುದು 18 ನ್ಯಾನೋಗ್ರಾಂ, ಅಮೆರಿಕ ಹೇಳುವುದು 26.5. ಮಿತಿಗಳ ಪಟ್ಟಿ ವೆಬ್ ಪುಟದಲ್ಲೇ ಬದಲಾಗುತ್ತಾ ಇರುತ್ತದೆ. ಇಂಥ ಕಡೆ ಅಂಕಿಯನ್ನು ನಮ್ಮ ಡೇಟಾಬೇಸ್‌ನಲ್ಲಿ ಇಡುವುದೇ ಬೇಡ ಅಂದೆ. ಟೂಲ್ ನೇರ ಆ ಪುಟಕ್ಕೆ ಕರೆದುಕೊಂಡು ಹೋಗಲಿ, ಸಾಕು. ಎಲ್ಲವೂ ಒಂದೇ ಕಡೆ ಸಿಗಬೇಕು ಅಂತ ಆಸೆಪಟ್ಟ ಮ್ಯಾನೇಜರ್‌ಗೆ ಇದು ಇಷ್ಟವಾಗಲಿಲ್ಲ.

ಹಳೆಯ ಆವೃತ್ತಿಗಳ ಬಗ್ಗೆ ಐಟಿಯ ಹುಡುಗನ ಜೊತೆ ಸಣ್ಣ ವಾದವೇ ನಡೆಯಿತು.

"ಮೇಡಂ, ಹಳೇದೆಲ್ಲ ಡಿಲೀಟ್ ಮಾಡ್ಬಿಡ್ಲಾ? ಜನಕ್ಕೆ ಗೊಂದಲ ಆಗುತ್ತೆ."

"ಬೇಡಪ್ಪಾ. ಹಳೇ ಪರೀಕ್ಷೆಗಳ ಪ್ರೋಟೋಕಾಲ್ ಬರೆದಾಗ ಇದ್ದಿದ್ದು ಅದೇ ಅಲ್ವಾ? ಆಡಿಟರ್ ಬಂದು ಕೇಳಿದ್ರೆ ಏನು ತೋರಿಸ್ಲಿ?"

ಹಾಗಾಗಿ ಹಳೆಯದು ಉಳಿಯಿತು. ಆದರೆ ಬೂದು ಬಣ್ಣದಲ್ಲಿ, ಯಾವುದು ಅದರ ಜಾಗಕ್ಕೆ ಬಂತು ಅನ್ನುವ ಕೊಂಡಿಯೊಂದಿಗೆ. ಡ್ರಾಫ್ಟ್‌ಗೆ ಹಳದಿ, ಜಾರಿಯಲ್ಲಿರುವುದಕ್ಕೆ ಹಸಿರು. ನಿಯಮ ಮತ್ತು ಗೈಡೆನ್ಸ್ ಬೇರೆ ಅಂತಲೂ ಗುರುತು ಹಾಕಿಸಿದೆ. ಔಷಧ ತಯಾರಿಕೆಯ ಬಗ್ಗೆ ಅಮೆರಿಕದ 21 ಸಿಎಫ್‌ಆರ್ 211 ಕಾನೂನು. ಎಫ್‌ಡಿಎ ಗೈಡೆನ್ಸ್ ಶಿಫಾರಸು. ಕಾರಣ ಸರಿಯಿದ್ದರೆ ಬೇರೆ ದಾರಿ ಹಿಡಿಯಬಹುದು.

ಈಗ ಎಐ ಚಾಟ್ ಸೇರಿಸಿ ಅಂತ ಒತ್ತಾಯ. ಸೇರಿಸಲಿ, ನನ್ನ ತಕರಾರಿಲ್ಲ. ಪ್ಯಾರಾ ನಂಬರ್ ಮತ್ತು ಮೂಲ ಸಾಲು ತೋರಿಸದ ಉತ್ತರವನ್ನು ಡಾಸಿಯರ್‌ಗೆ ತರಬೇಡಿ ಅಂತ ಮಾತ್ರ ನಮ್ಮ ತಂಡಕ್ಕೆ ಹೇಳಿದ್ದೇನೆ.

2025ರ ಏಪ್ರಿಲ್‌ನಲ್ಲಿ ಐಸಿಎಚ್ ಹೊಸ ಕ್ಯೂ1 ಡ್ರಾಫ್ಟ್ ತಂದಿತು. ಕ್ಯೂ1ಎಯಿಂದ ಕ್ಯೂ1ಎಫ್‌ವರೆಗಿನದ್ದು, ಜೊತೆಗೆ ಜೈವಿಕ ಔಷಧಗಳ ಸ್ಟೆಬಿಲಿಟಿಯ ಕ್ಯೂ5ಸಿ, ಎಲ್ಲ ಒಂದೇ ದಾಖಲೆಯಲ್ಲಿ. ಟೂಲ್‌ನಲ್ಲಿ ಅದಕ್ಕೆ ಹಳದಿ ಬಿತ್ತು. "ಇದನ್ನೇ ಪ್ರೋಟೋಕಾಲ್‌ನಲ್ಲಿ ಹಾಕ್ಲಾ ಮೇಡಂ?" ಅಂತ ಹೊಸದಾಗಿ ಸೇರಿದ ಹುಡುಗಿ ಕೇಳಿದಳು. ಓದಿ ಇಟ್ಟುಕೋ, ಹೆಸರು ಹಾಕೋದು ಕ್ಯೂ1ಎ(ಆರ್2) ಅಂದೆ.