ಮುರಕಲ್ಲಿನ ನೆಲದಲ್ಲಿ ಮೆಟಲ್ ಡಿಟೆಕ್ಟರ್: ಎಲ್ಲಿಗೆ ಯಾವ ಕಾಯಿಲ್, ಯಾವ ಸೆಟ್ಟಿಂಗ್

ಮೆಟಲ್ ಡಿಟೆಕ್ಟರಿನ ಕೈಪಿಡಿಯಲ್ಲಿ ನಾಣ್ಯವಾದರೆ ಇಷ್ಟು ಇಂಚು, ಉಂಗುರವಾದರೆ ಇಷ್ಟು ಇಂಚು ಆಳದವರೆಗೆ ಸಿಗುತ್ತದೆ ಎಂದು ಕೊಟ್ಟಿರುವ ಲೆಕ್ಕವನ್ನು ಕಾಸರಗೋಡು ಜಿಲ್ಲೆಯಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಆ ಲೆಕ್ಕ ಸುಳ್ಳೆಂದಲ್ಲ; ಕಬ್ಬಿಣದ ಅಂಶ ಕಡಿಮೆಯಿರುವ ಸೌಮ್ಯವಾದ ಮಣ್ಣಿಗೆ ಅದು ಸರಿಯಾಗಿಯೇ ಹೊಂದುತ್ತದೆ. ನಮ್ಮಲ್ಲಿ ಮಂಜೇಶ್ವರದಿಂದ ನೀಲೇಶ್ವರದವರೆಗೆ ಗುಡ್ಡ, ಪದವು (ಗುಡ್ಡದ ಮೇಲಿನ ಬಯಲು), ಮನೆಯಂಗಳ ಹೆಚ್ಚಿನವೂ ಮುರಕಲ್ಲಿನ ಮೇಲೆ ಕುಳಿತಿವೆ. ಆ ಕಲ್ಲಿಗೂ ಅದರಿಂದಾದ ಮಣ್ಣಿಗೂ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದ ಆಕ್ಸೈಡುಗಳಿಂದ. ಯಂತ್ರದ ದಂಡದ ತುದಿಯಲ್ಲಿರುವ ಕಾಯಿಲ್, ಅಂದರೆ ತಂತಿಯ ಸುರುಳಿಯಿರುವ ತಟ್ಟೆ, ನೆಲದೊಳಕ್ಕೆ ಕಳುಹಿಸುವ ಕಾಂತಕ್ಷೇತ್ರಕ್ಕೆ ಮೊದಲು ಉತ್ತರ ಕೊಡುವುದು ಈ ಕಬ್ಬಿಣ. ಕಳೆದುಹೋದ ಉಂಗುರದ ಉತ್ತರ ಅದರ ಹಿಂದಿನಿಂದ ಕ್ಷೀಣವಾಗಿ ಬರುತ್ತದೆ. ಆದುದರಿಂದ ಇಲ್ಲಿ ಸೆಟ್ಟಿಂಗ್ ಆರಿಸುವುದು ಯಂತ್ರದ ಬಲವನ್ನು ಏರಿಸುವುದಕ್ಕಿಂತ ಹೆಚ್ಚಾಗಿ ನೆಲದ ಗದ್ದಲವನ್ನು ತಗ್ಗಿಸುವ ಕೆಲಸವೆಂದು ನಾನು ತಿಳಿದಿದ್ದೇನೆ. ದೊಡ್ಡ ಕಾಯಿಲ್ ಕೊಂಡು ಸೆನ್ಸಿಟಿವಿಟಿಯನ್ನು (ಕ್ಷೀಣ ಸಂಕೇತವನ್ನೂ ಹಿಡಿಯುವ ಸೆಟ್ಟಿಂಗನ್ನು) ತುದಿಗೆ ಏರಿಸಿ, ಯಂತ್ರ ಸರಿಯಿಲ್ಲವೆಂದು ದೂರುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ.

ಡಿಟೆಕ್ಟರ್ ಹಿಡಿದು ಹೊರಟವನನ್ನು ಕಂಡರೆ ‘ನಿಧಿ ಉಂಟೋ?’ ಎಂದು ಕೇಳುವವರಿಗೆ ನಮ್ಮ ಊರಿನಲ್ಲಿ ಬರವಿಲ್ಲ. ನಾನು ಹುಡುಕುವುದು ತೋಟದಲ್ಲಿ, ಅಂಗಳದಲ್ಲಿ, ಕಡಲ ಕರೆಯಲ್ಲಿ ಜನರು ಕಳೆದುಕೊಂಡ ಆಭರಣಗಳನ್ನು. ಕೆಲವೊಮ್ಮೆ ಮಣ್ಣು ಮುಚ್ಚಿಹೋದ ಪೈಪಿನ ವಾಲ್ವುಗಳನ್ನು. ಬೇಕಲ ಕೋಟೆಯಂತಹ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ನೆಲ ಅಗೆಯುವುದನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ತಡೆಯುತ್ತದೆ. ನೆಲದಡಿಯ ನಿಧಿಯ ವಿಷಯಕ್ಕೆ ಕೇರಳದಲ್ಲಿ 1968ರ ಪ್ರತ್ಯೇಕ ಕಾಯಿದೆಯೇ ಇದೆ. ಹಾಗಾಗಿ ಕೋಟೆ, ಹಳೆಯ ದೇವಸ್ಥಾನದ ಪಾಳು, ಬಸದಿಯ ಅವಶೇಷಗಳ ಕಡೆಗೆ ಯಂತ್ರವನ್ನು ಒಯ್ಯುವ ಮಾತೇ ಇಲ್ಲ. ಖಾಸಗಿ ಜಾಗವಾದರೆ ಧನಿಗಳ ಒಪ್ಪಿಗೆ ಬೇಕು.

ಸೆಟ್ಟಿಂಗುಗಳಲ್ಲಿ ಮೊದಲನೆಯದು ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಸಂಕೇತವನ್ನು ಯಂತ್ರ ಲೆಕ್ಕಿಸದಂತೆ ಹೊಂದಿಸುವುದು. ಇದನ್ನು ಮನೆಯಂಗಳದಲ್ಲಿ ಒಮ್ಮೆ ಮಾಡಿ ಹೊರಟರೆ ಸಾಲದು. ಹುಡುಕಬೇಕಾದ ಜಾಗಕ್ಕೇ ಹೋಗಿ, ಲೋಹವಿಲ್ಲದ ಒಂದು ಹೆಜ್ಜೆಯಷ್ಟು ನೆಲವನ್ನು ಮೊದಲು ಬೀಸಿ ನೋಡಿ ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಬೇಡದ ಲೋಹಗಳ ಸದ್ದನ್ನು ತಡೆಯುವ ಡಿಸ್ಕ್ರಿಮಿನೇಶನ್ ತೆಗೆದು, ಎಲ್ಲ ಲೋಹಗಳಿಗೂ ಸದ್ದು ಮಾಡುವ ಮೋಡಿನಲ್ಲಿ ಕಾಯಿಲನ್ನು ಮೊಣಕಾಲಿನ ಎತ್ತರದಿಂದ ನೆಲಕ್ಕೆ ಎರಡು ಬೆರಳಷ್ಟು ಹತ್ತಿರದವರೆಗೆ ಇಳಿಸಿ ಎತ್ತುತ್ತಿರಬೇಕು. ಇಳಿಸುವಾಗ ಸದ್ದು ಏರಿದರೆ ಅಥವಾ ಎತ್ತುವಾಗ ಏರಿದರೆ ನೆಲದ ಸಂಕೇತ ಇನ್ನೂ ಒಳಗೆ ನುಸುಳುತ್ತಿದೆ ಎಂದರ್ಥ. ಎರಡೂ ದಿಕ್ಕಿನಲ್ಲಿ ಸದ್ದು ಸಮವಾಗುವವರೆಗೆ ಗುಂಡಿ ತಿರುಗಿಸಬೇಕು. ಆಟೋಮ್ಯಾಟಿಕ್ ಇದ್ದರೆ ಪರದೆಯಲ್ಲಿ ಕಾಣುವ ನೆಲದ ಅಂಕಿ ಒಂದು ಕಡೆ ನಿಲ್ಲುವವರೆಗೆ ಇಳಿಸಿ ಎತ್ತುತ್ತಲೇ ಇರಬೇಕು. ಆ ಅಂಕಿಯೇ ನೆಲದ ಸ್ವಭಾವವನ್ನು ತಿಳಿಸುತ್ತದೆ. ಹಲವು ಯಂತ್ರಗಳಲ್ಲಿ ಮುರಕಲ್ಲಿನ ಮಣ್ಣು ಅಳತೆಯ ಒಂದು ತುದಿಗೂ ಉಪ್ಪುನೀರಿನ ಹಸಿ ಮರಳು ಇನ್ನೊಂದು ತುದಿಗೂ ಬಂದು ನಿಲ್ಲುತ್ತವೆ. ತೋಟದ ಅಂಕಿಯಲ್ಲೇ ಕಡಲ ಕರೆಗೆ ಇಳಿದರೆ ಯಂತ್ರ ಏಕೆ ಅರಚುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

ಪದವಿನ ಮೇಲೆ ಇನ್ನೊಂದು ತೊಡಕಿದೆ. ಒಂದೇ ಗುಡ್ಡದಲ್ಲಿ ಒಂದು ಕಡೆ ಬೋಳು ಪಾರೆ, ಪಕ್ಕದಲ್ಲಿ ಜಲ್ಲಿಯಂತಹ ಕೆಂಪು ಹರಳು, ಅದರಾಚೆ ಮಳೆನೀರು ತಂದು ಹಾಕಿದ ಮೆತ್ತಗಿನ ಮಣ್ಣು ಇರುತ್ತದೆ. ನೆಲದ ಅಂಕಿ ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ. ಇಂತಹ ಕಡೆ ತಾನಾಗಿ ನೆಲವನ್ನು ಹಿಂಬಾಲಿಸುವ ಟ್ರ್ಯಾಕಿಂಗ್ ಉಪಯೋಗಕ್ಕೆ ಬರುತ್ತದೆ. ಆದರೆ ಸಣ್ಣ ಸದ್ದೊಂದು ಕೇಳಿ ಅದರ ಮೇಲೆಯೇ ಮತ್ತೆ ಮತ್ತೆ ಬೀಸುತ್ತಾ ನಿಂತರೆ ಟ್ರ್ಯಾಕಿಂಗ್ ಆ ಸಂಕೇತವನ್ನೂ ನೆಲದ ಭಾಗವೆಂದು ತಿಳಿದು ಅಳಿಸಿಹಾಕಬಲ್ಲದು. ಸಂಶಯದ ಸದ್ದು ಬಂದ ಕೂಡಲೇ ಟ್ರ್ಯಾಕಿಂಗನ್ನು ನಿಲ್ಲಿಸಿ ಪರೀಕ್ಷಿಸುವುದು ಲೇಸು. ಕಬ್ಬಿಣದ ಅಂಶ ಹೆಚ್ಚಿರುವ ಮುರಕಲ್ಲಿನ ಗಟ್ಟಿ ತುಂಡುಗಳೂ ಲೋಹದಂತೆ ಸದ್ದು ಮಾಡುತ್ತವೆ. ಬೀಸುವ ದಿಕ್ಕನ್ನು ಬದಲಿಸಿದಾಗ ಸದ್ದಿನ ಜಾಗ ಅತ್ತಿತ್ತ ಸರಿದರೆ, ಕಾಯಿಲನ್ನು ಸ್ವಲ್ಪ ಎತ್ತಿದೊಡನೆ ಸದ್ದು ಥಟ್ಟನೆ ಸತ್ತುಹೋದರೆ ನಾನು ಕಲ್ಲೆಂದೇ ಮೊದಲು ಅನುಮಾನಿಸುತ್ತೇನೆ.

ಸೆನ್ಸಿಟಿವಿಟಿಯ ವಿಷಯದಲ್ಲಿ ದುರಾಸೆ ಒಳ್ಳೆಯದಲ್ಲ. ಕಾಯಿಲನ್ನು ನೆಲದ ಮೇಲೆ ನಿಧಾನವಾಗಿ ಬೀಸುತ್ತಾ, ಕಾರಣವಿಲ್ಲದ ಚಟಪಟ ನಿಲ್ಲುವವರೆಗೆ ಸೆನ್ಸಿಟಿವಿಟಿಯನ್ನು ಇಳಿಸುತ್ತಾ ಬಂದು ಅಲ್ಲಿಗೆ ಬಿಡಬೇಕು. ಇಳಿಸಿದರೆ ಆಳ ಕಡಿಮೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಗದ್ದಲದ ನಡುವೆ ಕೇಳಿಸದೇ ಹೋಗುವ ಸಂಕೇತ ಆಳದಲ್ಲಿದ್ದರೇನು, ಮೇಲಿದ್ದರೇನು? ತುಂಬಾ ಕೆಂಪಾದ ಜಾಗಗಳಲ್ಲಿ ಕಾಯಿಲನ್ನು ನೆಲಕ್ಕೆ ಉಜ್ಜದೆ ಎರಡು ಮೂರು ಬೆರಳು ಎತ್ತರದಲ್ಲಿ ಬೀಸುವುದರಿಂದಲೂ ನೆಲದ ಗದ್ದಲ ಎಷ್ಟೋ ತಗ್ಗುತ್ತದೆ. ಡಿಸ್ಕ್ರಿಮಿನೇಶನ್ ಕೂಡ ಮಿತವಾಗಿರಲಿ. ಈ ಮಣ್ಣಿನಲ್ಲಿ ಸ್ವಲ್ಪ ಆಳಕ್ಕಿಳಿದ ಚಿನ್ನ, ತಾಮ್ರಗಳಿಗೆ ಯಂತ್ರ ಪರದೆಯಲ್ಲಿ ತೋರಿಸುವ ಗುರುತಿನ ಅಂಕಿಯೂ ಕಬ್ಬಿಣದ ಕಡೆಗೆ ಜಾರಿಬಿಡುತ್ತದೆ.

ಕಾಯಿಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಾನ್ಸೆಂಟ್ರಿಕ್ ಕಾಯಿಲಿನ ಕ್ಷೇತ್ರ ಕೆಳಕ್ಕೆ ಹೋದಂತೆ ಕಿರಿದಾಗುತ್ತದೆ. ವಸ್ತು ಇರುವ ಜಾಗವನ್ನು ಅದು ನಿಖರವಾಗಿ ತೋರಿಸುತ್ತದಾದರೂ ಏಕಕಾಲಕ್ಕೆ ಹೆಚ್ಚು ಮಣ್ಣನ್ನು ನೋಡುವುದರಿಂದ ಕೆಂಪು ನೆಲದಲ್ಲಿ ತಬ್ಬಿಬ್ಬಾಗುತ್ತದೆ. ಡಬಲ್ ಡಿ ಕಾಯಿಲಿನಲ್ಲಿ ಕೆಲಸ ಮಾಡುವುದು ಎರಡು ಸುರುಳಿಗಳು ಒಂದರ ಮೇಲೊಂದು ಹಾಯುವ ನಡುವಿನ ಪಟ್ಟಿ. ಅದರ ಕ್ಷೇತ್ರ ಕತ್ತಿಯ ಅಲಗಿನಂತೆ ತೆಳ್ಳಗೆ ನೆಲಕ್ಕಿಳಿಯುತ್ತದೆ. ನಮ್ಮ ಜಿಲ್ಲೆಗೆ ಡಬಲ್ ಡಿ ಎಂದು ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ. ಗಾತ್ರದ ಲೆಕ್ಕ ಅಷ್ಟು ಸರಳವಲ್ಲ. ಸೌಮ್ಯವಾದ ಮಣ್ಣಿನಲ್ಲಿ 15 ಇಂಚಿನ ಕಾಯಿಲ್ 11 ಇಂಚಿನದಕ್ಕಿಂತ ಆಳಕ್ಕೆ ನೋಡುತ್ತದೆ, ಹೆಚ್ಚು ಜಾಗವನ್ನೂ ಮುಗಿಸುತ್ತದೆ. ಮುರಕಲ್ಲಿನ ಮೇಲೆ ಅದೇ ದೊಡ್ಡ ಕಾಯಿಲ್ ಅಷ್ಟೂ ಹೆಚ್ಚಿನ ಕಬ್ಬಿಣವನ್ನು ಒಮ್ಮೆಗೇ ನೋಡಬೇಕಾಗಿ ಬಂದು, ಗಳಿಸಿದ ಆಳವನ್ನು ಅಲ್ಲೇ ಕಳೆದುಕೊಳ್ಳುತ್ತದೆ. ಕೈ ಸೋಲುವುದು ಬೇರೆ. ಅಂಗಳಕ್ಕೂ ತೋಟಕ್ಕೂ ನನ್ನ ಆಯ್ಕೆ 6 ಇಂಚಿನ ಸಣ್ಣ ಕಾಯಿಲ್.

ಅಡಿಕೆ ತೋಟ ಮೇಲ್ನೋಟಕ್ಕೆ ಶುದ್ಧವಾದ ಜಾಗವೆಂದು ಕಾಣುತ್ತದೆ. ಯಂತ್ರ ಚಾಲೂ ಮಾಡಿದ ಮೇಲೆ ಅದರ ನಿಜರೂಪ ತಿಳಿಯುತ್ತದೆ: ಸ್ಪ್ರಿಂಕ್ಲರಿನ ಹಳೆಯ ಜಿಐ ಪೈಪು, ಪಂಪಿನ ಕೇಬಲ್, ಸರಿಗೆಯ ತುಂಡು, ಮೊಳೆ, ಬೀಡಾ ಗುಟ್ಕಾಗಳ ಪೊಟ್ಟಣ. ಪಂಪು ಓಡುತ್ತಿದ್ದರೆ ನಿಲ್ಲಿಸಲು ಹೇಳಬೇಕು. ಕಾಡುಹಂದಿಗೆಂದು ಹಾಕಿದ ಸೋಲಾರ್ ಬೇಲಿ ಹತ್ತಿರವಿದ್ದರೆ ಯಂತ್ರದಲ್ಲಿ ಗಡಿಯಾರದಂತೆ ಟಿಕ್ ಟಿಕ್ ಕೇಳಿಸುತ್ತದೆ; ಅದನ್ನೂ ಸ್ವಲ್ಪ ಹೊತ್ತು ಆರಿಸಿಡಬೇಕು. ಮೊಬೈಲ್ ಜೇಬಿನಲ್ಲಿರುವುದು ಬೇಡ.

ಇಂತಹ ಒಂದು ತೋಟದಲ್ಲಿ, ಅಡಿಕೆ ಹೆಕ್ಕುವಾಗ ಬಿದ್ದುಹೋದ ಕರಿಮಣಿ ಸರಕ್ಕಾಗಿ ನನ್ನನ್ನು ಕರೆದಿದ್ದರು. ‘ಎಲ್ಲ ಕಡೆ ನೋಡಿ ಆಯ್ತು ಮಾರಾಯ್ರೆ, ಇನ್ನು ನಿಮ್ಮ ಯಂತ್ರವೇ ಗತಿ’ ಎಂದರು ಆ ಮನೆಯ ಅಮ್ಮ. ಹುಡುಕುವ ಮೊದಲು ಮನೆಯಲ್ಲಿದ್ದ ಅದೇ ಬಗೆಯ ಇನ್ನೊಂದು ಸರವನ್ನು ಕೇಳಿ ಪಡೆದು, ಕೆಂಪು ನೂಲು ಕಟ್ಟಿ, ಅದೇ ತೋಟದ ಮಣ್ಣಿನ ಮೇಲಿಟ್ಟು ಸದ್ದು ಕೇಳಿದೆ. ಎಲ್ಲರೂ ಮಾಡಬೇಕಾದ ಪರೀಕ್ಷೆಯಿದು. ಯಾವ ಕೈಪಿಡಿಯೂ ಇಷ್ಟು ಹೇಳಿಕೊಡುವುದಿಲ್ಲ. ಸರವೆಂದರೆ ಡಿಟೆಕ್ಟರಿಗೆ ಒಂದು ವಸ್ತುವಲ್ಲ, ಬಿಡಿಬಿಡಿಯಾದ ಸಣ್ಣ ಕೊಂಡಿಗಳ ಸಾಲು. ಕೊಂಡಿಗಳು ಹೆಚ್ಚುಕಡಿಮೆ ಮೌನವಾಗಿರುತ್ತವೆ. ಮಾತಾಡುವುದು ಕೊಕ್ಕೆ ಮತ್ತು ತಾಳಿ. ಆವತ್ತು 6 ಇಂಚಿನ ಕಾಯಿಲಿನಲ್ಲಿ ಕೇಳಿದ್ದು ತುಂಡು ತುಂಡಾದ, ಅಂಕಿ ಒಂದೆಡೆ ನಿಲ್ಲದ, ಬೇರೆ ಕಡೆಯಾದರೆ ಕಸವೆಂದು ಬಿಟ್ಟುಬಿಡುವಂತಹ ಸದ್ದು. ಪರೀಕ್ಷೆಯ ಸದ್ದಿಗೆ ಅದು ಹೋಲುತ್ತಿದ್ದುದರಿಂದ ಕಣಿಯ (ತೋಟದ ಕಾಲುವೆಯ) ಅಂಚಿನಲ್ಲಿ ಕೊಳೆತುಬಿದ್ದಿದ್ದ ಅಡಿಕೆ ಹಾಳೆಯನ್ನು ಎತ್ತಿ ನೋಡಿದೆವು. ಸರ ಹಾಳೆಯ ಮಡಿಕೆಯಲ್ಲಿ ಕೆಸರು ಮೆತ್ತಿಕೊಂಡು ಕೂತಿತ್ತು.

ಈ ಕೆಲಸಕ್ಕೆ ಫ್ರೀಕ್ವೆನ್ಸಿ, ಅಂದರೆ ಕಾಯಿಲಿನ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದೂ ಮುಖ್ಯ. ನಾಲ್ಕರಿಂದ ಎಂಟು ಕಿಲೋಹರ್ಟ್ಜಿನಷ್ಟು ತಗ್ಗಿನಲ್ಲಿ ಕೆಲಸ ಮಾಡುವ ಯಂತ್ರಗಳು ದಪ್ಪ ಬೆಳ್ಳಿ, ತಾಮ್ರಗಳಿಗೆ ಚೆನ್ನಾಗಿ ಸ್ಪಂದಿಸುತ್ತವೆ. ತೆಳ್ಳಗಿನ ಚಿನ್ನಕ್ಕೆ, ಮೂಗುಬೊಟ್ಟಿಗೆ, ಕಿವಿಯೋಲೆಯ ತಿರುಪಿಗೆ 15ರಿಂದ ಮೇಲಿನ ಕಿಲೋಹರ್ಟ್ಜ್ ಬೇಕು. ಆದರೆ ಫ್ರೀಕ್ವೆನ್ಸಿ ಏರಿದಷ್ಟೂ ಪುಡಿ ಫಾಯಿಲ್ ಕಾಗದವೂ ಹೆಚ್ಚು ಮಾತಾಡುತ್ತದೆ ಎಂಬುದು ನೆನಪಿನಲ್ಲಿರಲಿ.

ಕೊಯಿಲು ಮುಗಿದ ಗದ್ದೆಯಲ್ಲಿ ಬಯಲಾಟವೋ ಜಾತ್ರೆಯೋ ನಡೆದ ಮರುದಿನ ಉಂಗುರ ಹುಡುಕುವುದು ಬೇರೆಯೇ ಸಮಸ್ಯೆ. ಗದ್ದೆಯ ಮಣ್ಣು ಗುಡ್ಡದಷ್ಟು ಕೆಂಪಲ್ಲ. ಇಲ್ಲಿ ತೊಂದರೆ ಕೊಡುವುದು ಕಸ. ಸೋಡಾ ಬಾಟಲಿಯ ಮುಚ್ಚಳ, ಮುದ್ದೆಯಾದ ಫಾಯಿಲ್, ಮಾತ್ರೆಯ ಪಟ್ಟಿ, ಚಿಲ್ಲರೆ ನಾಣ್ಯ. ನಮ್ಮ ನಾಣ್ಯಗಳ ಬಗ್ಗೆ ಒಂದು ಮಾತು: 1988ರಿಂದ ಬಂದ ಹತ್ತು, ಇಪ್ಪತ್ತೈದು, ಐವತ್ತು ಪೈಸೆಗಳು, 1992ರಿಂದ ಬಂದ ಒಂದು ರೂಪಾಯಿ, ಇವೆಲ್ಲ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವು. ವಿದೇಶದ ಯಂತ್ರದ ಪರದೆಯಲ್ಲಿ ‘ನಾಣ್ಯ’ವೆಂದು ಗುರುತು ಮಾಡಿರುವ ಜಾಗಕ್ಕೂ ಇವುಗಳಿಗೂ ಸಂಬಂಧವಿಲ್ಲ, ಒಮ್ಮೆ ಕಬ್ಬಿಣವೆಂದು ಕಾಣಿಸಿಕೊಂಡರೆ ಇನ್ನೊಮ್ಮೆ ಮೇಲಿನ ಅಂಕಿಗೆ ಜಿಗಿಯುತ್ತವೆ. ಉಂಗುರ ಹುಡುಕುವವರಿಗೆ ಇದರಿಂದ ಅನುಕೂಲವೂ ಇದೆ, ಕಬ್ಬಿಣದ ಅಂಕಿಗಳನ್ನು ಬಿಟ್ಟುಬಿಟ್ಟರೆ ಅರ್ಧ ಚಿಲ್ಲರೆ ತಾನಾಗಿ ಬದಿಗೆ ಸರಿಯುತ್ತದೆ. ಆದರೆ ಚಿನ್ನದ ಉಂಗುರ ಮತ್ತು ಮುದ್ದೆಯಾದ ಫಾಯಿಲ್ ಒಂದೇ ಅಂಕಿಗಳಲ್ಲಿ ಬರುತ್ತವೆ. ಅವನ್ನು ಅಗೆಯದೆ ಬೇರ್ಪಡಿಸುವ ಸೆಟ್ಟಿಂಗ್ ಯಾವ ಬೆಲೆಯ ಯಂತ್ರದಲ್ಲೂ ಇಲ್ಲ. ರಿಕವರಿ ಸ್ಪೀಡ್ (ಒಂದು ಸದ್ದಿನ ನಂತರ ಮುಂದಿನದಕ್ಕೆ ಯಂತ್ರ ಸಿದ್ಧವಾಗುವ ವೇಗ) ಹೆಚ್ಚಿಸಿ, ಸಣ್ಣ ಕಾಯಿಲ್ ಹಾಕಿ, ಗದ್ದೆಗೆ ಹಗ್ಗ ಹಿಡಿದು ಪಟ್ಟಿಪಟ್ಟಿಯಾಗಿ ಮುಗಿಸುವುದೊಂದೇ ದಾರಿ.

ಕಡಲ ಕರೆಯಲ್ಲಿ 11 ಇಂಚಿನ ಕಾಯಿಲಿಗೆ ಕೊನೆಗೂ ಕೆಲಸ ಸಿಗುತ್ತದೆ. ಕಣ್ವತೀರ್ಥದಲ್ಲಾಗಲಿ ಬೇಕಲದಲ್ಲಾಗಲಿ ತೆರೆ ಮುಟ್ಟದ ಒಣ ಮರಳು ಬಹುತೇಕ ಮೌನವಾಗಿರುತ್ತದೆ. ಸೆನ್ಸಿಟಿವಿಟಿಯನ್ನು ಅಲ್ಲಿ ಧಾರಾಳವಾಗಿ ಏರಿಸಬಹುದು. ತೆರೆ ಬಂದು ಹೋಗುವ ಹಸಿ ಮರಳಿಗೆ ಇಳಿದ ಕೂಡಲೇ ಉಪ್ಪುನೀರು ತಾನೇ ವಿದ್ಯುತ್ತನ್ನು ಹರಿಸುವ ವಸ್ತುವಾಗಿ ಕಾಯಿಲಿಗೆ ಕಾಣಿಸುತ್ತದೆ. ಒಂದೇ ಫ್ರೀಕ್ವೆನ್ಸಿಯ ಯಂತ್ರ ಅಲ್ಲಿ ಸೋಲುತ್ತದೆ. ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿಗಳಲ್ಲಿ ಕೆಲಸ ಮಾಡುವ ಯಂತ್ರವಿದ್ದರೆ ಅದರ ಬೀಚ್ ಮೋಡನ್ನು ಹಾಕಿ, ನೆಲವನ್ನು ಹೊಸದಾಗಿ ಬ್ಯಾಲೆನ್ಸ್ ಮಾಡಿ, ಕಾಯಿಲನ್ನು ನೀರಿನ ಅಂಚಿಗೆ ಸಮಾನಾಂತರವಾಗಿ ಬೀಸಬೇಕು. ಒಣ ಮರಳಿನಿಂದ ಹಸಿ ಮರಳಿಗೆ ಅಡ್ಡಡ್ಡ ಬೀಸಿದರೆ ಪ್ರತಿ ಬೀಸಿಗೂ ಸುಳ್ಳು ಸದ್ದು ಬರುತ್ತದೆ. ಕಾಂತಕ್ಷೇತ್ರವನ್ನು ಬಿಟ್ಟುಬಿಟ್ಟು ಮಿಡಿತಗಳಾಗಿ ಕಳುಹಿಸುವ ಪಲ್ಸ್ ಇಂಡಕ್ಷನ್ ಯಂತ್ರಗಳು ಉಪ್ಪನ್ನೂ ಕಬ್ಬಿಣದ ಅಂಶವಿರುವ ಕಪ್ಪು ಮರಳನ್ನೂ ಅಷ್ಟಾಗಿ ಲೆಕ್ಕಿಸದೆ ಆಳಕ್ಕೆ ನೋಡುತ್ತವೆ, ಆದರೆ ಮೊಳೆ ಯಾವುದು ಉಂಗುರ ಯಾವುದು ಎಂದು ಹೇಳಲಾರವು. ಕಸ ಕಡಿಮೆಯಿರುವ ಕರೆಯಾದರೆ ಮಾತ್ರ ಅದು ಸಹ್ಯ. ಮಳೆಗಾಲದ ತೆರೆಗಳು ಮರಳನ್ನು ಕೊರೆದು ಒಯ್ದ ಮೇಲೆ ಎಂದೋ ಹುಗಿದುಹೋದ ವಸ್ತುಗಳು ಕಾಯಿಲಿನ ಅಳವಿಗೆ ಬರುತ್ತವೆ. ಆದರೆ ಕಡಲು ಅಬ್ಬರಿಸುವ ದಿನಗಳಲ್ಲಿ ನೀರಿನಂಚಿಗೆ ಹೋಗುವ ಹುಚ್ಚು ಬೇಡ.

ಒಂದೇ ಕಾಯಿಲ್ ಕೊಳ್ಳುವಷ್ಟು ಹಣವಿದ್ದರೆ 9 ಇಂಚಿನ ಆಸುಪಾಸಿನ ಡಬಲ್ ಡಿ ತೆಗೆದುಕೊಳ್ಳಿ. ಎರಡನೆಯದಕ್ಕೆ ಹಣ ಕೂಡಿದಾಗ ದೊಡ್ಡದನ್ನು ಬಿಟ್ಟು ಸಣ್ಣದನ್ನು ಕೊಳ್ಳಿ. ಕಾಯಿಲ್ ಬದಲಿಸಿದ ಪ್ರತಿ ಸಲವೂ ಗ್ರೌಂಡ್ ಬ್ಯಾಲೆನ್ಸನ್ನು ಮೊದಲಿನಿಂದ ಮಾಡಬೇಕು. ಕೇಬಲ್ ದಂಡಕ್ಕೆ ಬಿಗಿಯಾಗಿ ಸುತ್ತಿರಬೇಕು; ಸಡಿಲವಾಗಿ ಜೋಲುವ ಕೇಬಲ್ ತಾನೇ ಸುಳ್ಳು ಸದ್ದು ಎಬ್ಬಿಸುತ್ತದೆ. ಕಾಯಿಲಿನ ಅಡಿಗೆ ತೊಡಿಸುವ ಪ್ಲಾಸ್ಟಿಕ್ ಕವರನ್ನು ಆಗಾಗ ಬಿಚ್ಚಿ ತೊಳೆಯಿರಿ. ಅದರೊಳಗೆ ಸೇರಿಕೊಳ್ಳುವ ಕೆಂಪು ಹುಡಿ ಕಾಯಿಲಿಗೆ ಅಂಟಿಕೊಂಡೇ ತಿರುಗುವ ನೆಲವಿದ್ದಂತೆ, ಎಷ್ಟು ಬ್ಯಾಲೆನ್ಸ್ ಮಾಡಿದರೂ ಅಂಕಿ ನಿಲ್ಲುವುದಿಲ್ಲ.