ಬಾಹ್ಯಾಕಾಶ ನಿಲ್ದಾಣದ ಫೋಟೋಗೆ ಕಂಪ್ಯೂಟರ್ ಮೌಂಟ್ ಬೇಕೇ?

ತಾರಸಿಯಿಂದ ತೆಗೆದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಿತ್ರ ತೋರಿಸಿದಾಗಲೆಲ್ಲ ಬರುವ ಪ್ರಶ್ನೆ: "ಅಷ್ಟು ಜೋರಾಗಿ ಓಡುವುದರ ಹಿಂದೆ ಟೆಲಿಸ್ಕೋಪ್ ತಿರುಗಿಸಲು ಕಂಪ್ಯೂಟರ್ ಮೌಂಟ್, ಅಂದರೆ ತಾನೇ ತಿರುಗುವ ಸ್ಟ್ಯಾಂಡ್, ಬೇಕಲ್ಲವೇ?"

ಬೇಡ. 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ಕನ್ನಡಿ ಟೆಲಿಸ್ಕೋಪ್) ಇದ್ದರೆ ಕೈಯಲ್ಲೇ ತಳ್ಳಬಹುದು. ಬಹುತೇಕ ಚಿತ್ರಗಳು ಹಾಳಾಗುವುದು ಫೋಕಸ್ ಮತ್ತು ಎಕ್ಸ್‌ಪೋಶರ್‌ನಲ್ಲಿ.

ನಿಲ್ದಾಣದ ಅಗಲ 109 ಮೀಟರ್, ನೆತ್ತಿಯ ಮೇಲಿರುವಾಗ ದೂರ ಸುಮಾರು 410 ಕಿ.ಮೀ. ಅಲ್ಲಿಗೆ ಆಕಾಶದಲ್ಲಿ ಕಾಣುವ ಗಾತ್ರ 55 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ), ಕಾಣುವ ಗುರುಗ್ರಹಕ್ಕಿಂತ ದೊಡ್ಡದು. 1200 ಮಿ.ಮೀ. ಫೋಕಲ್ ಲೆಂತ್, ಚಿತ್ರವನ್ನು 2 ಪಟ್ಟು ಹಿಗ್ಗಿಸುವ ಬಾರ್ಲೋ ಲೆನ್ಸ್, 2.9 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ಸೇರಿದರೆ ಸೆನ್ಸರ್ ಮೇಲೆ 220 ಪಿಕ್ಸೆಲ್‌ನಷ್ಟು ಬೀಳುತ್ತದೆ. ಆದರೆ ಅದು ಸೆಕೆಂಡಿಗೆ ಒಂದು ಡಿಗ್ರಿ ಓಡುತ್ತದೆ. ಟ್ಯೂಬ್ ನಿಂತೇ ಇದ್ದರೆ 1 ಮಿಲಿಸೆಕೆಂಡಿನಲ್ಲೇ 15 ಪಿಕ್ಸೆಲ್ ಕಲಸಿಹೋಗುತ್ತದೆ. ಹಾಗಾಗಿ ತಳ್ಳುತ್ತಲೇ 0.5 ಮಿಲಿಸೆಕೆಂಡ್ ಆಸುಪಾಸಿನ ಎಕ್ಸ್‌ಪೋಶರ್ ಇಡಿ. ಗೇನ್ (ಕ್ಯಾಮೆರಾ ಸಂಕೇತವನ್ನು ಹೆಚ್ಚಿಸುವ ಮಟ್ಟ) ವಿಪರೀತ ಏರಿಸಬೇಡಿ: ಬಿಳಿ ರೇಡಿಯೇಟರ್‌ಗಳು ಮೊದಲು ಸುಟ್ಟುಹೋಗುತ್ತವೆ, ತಾಮ್ರಬಣ್ಣದ ಸೌರಫಲಕಗಳು ಮಂಕಾಗಿಯೇ ಉಳಿಯುತ್ತವೆ. ಮಂಕಾದದ್ದನ್ನು ಆಮೇಲೆ ಎತ್ತಬಹುದು, ಸುಟ್ಟದ್ದನ್ನು ಮರಳಿ ತರಲಾಗದು.

ನಿಲ್ದಾಣ ಯಾವಾಗ, ಎಲ್ಲಿ ಕಾಣುತ್ತದೆಂದು ತಿಳಿಸುವ ಹೆವೆನ್ಸ್ ಅಬವ್ ಜಾಲತಾಣದಲ್ಲಿ 60ರಿಂದ 75 ಡಿಗ್ರಿ ಎತ್ತರಕ್ಕೇರುವ ಹಾದಿ ಆರಿಸಿ. 30 ಡಿಗ್ರಿಯಲ್ಲಿ ದೂರ 750 ಕಿ.ಮೀ. ದಾಟುತ್ತದೆ, ಗಾತ್ರ ಅರ್ಧಕ್ಕಿಳಿಯುತ್ತದೆ. ಸರಿಯಾಗಿ ನೆತ್ತಿಯ ಮೇಲೆ ಬಂದರೂ ಕಷ್ಟವೇ, ಅಲ್ಲಿ ಡಾಬ್ಸೋನಿಯನ್ ತಟ್ಟನೆ ತಿರುಗುವುದಿಲ್ಲ. ನಗರದ ಬೆಳಕಿನ ಚಿಂತೆ ಬೇಡ, ನಿಲ್ದಾಣ ಅಷ್ಟು ಪ್ರಕಾಶಮಾನ. ಸಂಜೆಯ ಕಾದ ಕಾಂಕ್ರೀಟ್ ತಾರಸಿಯ ಬಿಸಿಗಾಳಿಯೇ ನಿಜವಾದ ಶತ್ರು, ಹಾಗಾಗಿ ಮುಂಜಾವಿನ ಹಾದಿ ವಾಸಿ.

ಅರ್ಧ ಗಂಟೆ ಮೊದಲೇ ಪ್ರಖರ ನಕ್ಷತ್ರವೊಂದರ ಮೇಲೆ ಕ್ಯಾಮೆರಾದಲ್ಲಿ ಫೋಕಸ್ ಮಾಡಿ, ಫೋಕಸರ್ ಬಿಗಿಮಾಡಿ. ಅದೇ ನಕ್ಷತ್ರ ಫೈಂಡರ್‌ನ (ಗುರಿ ಹಿಡಿಯಲು ಟ್ಯೂಬಿಗೆ ಜೋಡಿಸಿದ ಪುಟ್ಟ ದೂರದರ್ಶಕ) ಅಡ್ಡಗೆರೆಗಳ ನಟ್ಟನಡುವೆ ಬರಲೇಬೇಕು, ಏಕೆಂದರೆ ಬಾರ್ಲೋ ಹಾಕಿದಾಗ 5.6 ಮಿ.ಮೀ. ಅಗಲದ ಸೆನ್ಸರ್‌ಗೆ ಕಾಣುವುದು 8 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ 60ನೇ ಒಂದು ಭಾಗ) ಅಷ್ಟೇ. ಕೈ ಪಳಗುವವರೆಗೆ ಬಾರ್ಲೋ ಇಲ್ಲದೆಯೇ ತೆಗೆಯಿರಿ. ನಿಲ್ದಾಣ ಬಂದಾಗ ಫೈಂಡರ್ ಬಿಟ್ಟು ಲ್ಯಾಪ್‌ಟಾಪ್ ನೋಡಲು ಹೋಗಬೇಡಿ, ರೆಕಾರ್ಡಿಂಗ್ ಓಡುತ್ತಿರಲಿ.

ಸಾವಿರಾರು ಫ್ರೇಮ್‌ಗಳಲ್ಲಿ ಬಹಳಷ್ಟು ಖಾಲಿ ಇರುತ್ತವೆ. ನಿಲ್ದಾಣ ಇರುವವನ್ನು ಪಿಐಪಿಪಿ ಎಂಬ ಸಾಫ್ಟ್‌ವೇರ್ ಆರಿಸಿ ನಡುವಿಗೆ ತರುತ್ತದೆ. ಫ್ರೇಮ್‌ಗಳನ್ನು ಒಂದರ ಮೇಲೊಂದು ಸೇರಿಸುವ ಆಟೋಸ್ಟ್ಯಾಕರ್ಟ್ ಸಾಫ್ಟ್‌ವೇರ್‌ನಲ್ಲಿ ಒಂದರ ಹಿಂದೊಂದು ಬಂದ ಹತ್ತಿಪ್ಪತ್ತು ಫ್ರೇಮ್ ಮಾತ್ರ ಪೇರಿಸಿ. ನೋಟದ ಕೋನ ಸತತ ಬದಲಾಗುವುದರಿಂದ ದೂರದೂರದ ಫ್ರೇಮ್ ಸೇರಿಸಿದರೆ ಫಲಕಗಳ ಅಂಚು ಮಸುಕಾಗುತ್ತದೆ. ಶಾರ್ಪನಿಂಗ್ ಅತಿಯಾದರೆ ಅಲ್ಲಿಲ್ಲದ ಕಂಬಿಗಳೂ ಮೂಡುತ್ತವೆ.

ಭೂಮಿಯನ್ನು ಸುತ್ತುವ ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರವೂ ಬರುತ್ತದಾ ಎಂದು ಮುಂದಿನ ಪ್ರಶ್ನೆ. ಕರ್ನಾಟಕದಲ್ಲಿ ಅದು ನೆತ್ತಿಯ ಮೇಲೇ ಹಾದುಹೋಗುವುದುಂಟು, ಆದರೆ 13 ಮೀಟರ್ ಉದ್ದದ ಕೊಳವೆ ಅಲ್ಲಿಂದ ಐದಾರು ಆರ್ಕ್‌ಸೆಕೆಂಡ್. ಇದೇ ಸಲಕರಣೆಯಲ್ಲಿ 20 ಪಿಕ್ಸೆಲ್‌ನ ಗೀಟು ಸಿಕ್ಕೀತು.