ಒಬ್ಬನೇ ಗಿರಾಕಿ ಇರುವ ಹೆಸರು

"ಸರ್, ನಿಮ್ಮ ಪ್ಯಾಕೆಟ್ ಮೇಲೆ ಈಗಲೂ ಅದೇ ಅಡ್ರೆಸ್ ಪ್ರಿಂಟ್ ಆಗಿದೆ ಅಲ್ವಾ?"

ಕಳೆದ ಸೋಮವಾರ ಬ್ಯಾಡಗಿಯಲ್ಲಿ, ಕಾಕಾನ ಮೆಣಸಿನಕಾಯಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಫೋನಿನ ಸ್ಪೀಕರ್ ಹಾಕಿಕೊಂಡು ಕೇಳಿದ ಮಾತಿದು. ಕೇಳಿದ ತರುಣನ ದನಿಯಲ್ಲಿ ಒರಟುತನ ಸ್ವಲ್ಪವೂ ಇರಲಿಲ್ಲ. ಕಾಕಾ ತನ್ನ ಕೈಯಲ್ಲಿದ್ದ ಖಾರಪುಡಿಯ ಕಾಲು ಕಿಲೋ ಪೌಚನ್ನು ತಿರುಗಿಸಿ, ಎಫ್‌ಎಸ್‌ಎಸ್‌ಎಐ ಸಂಖ್ಯೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ವೆಬ್‌ಸೈಟಿನ ಹೆಸರಿನ ಮೇಲೆ ಹೆಬ್ಬೆರಳಾಡಿಸಿ, "ಐತಿ. ಅದು ನಂದ ಅಲ್ಲೇನಪಾ?" ಎಂದ. "ಈಗ ನನ್ನ ಹೆಸರಲ್ಲಿದೆ ಸರ್" ಎಂದು ಉತ್ತರಿಸಿದ ತರುಣ ಅದನ್ನು ಬಿಟ್ಟುಕೊಡಲು 1,10,000 ರೂಪಾಯಿ ಹೇಳಿದ.

ಆದದ್ದು ಇಷ್ಟು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು, ಅಂದರೆ ವೆಬ್‌ಸೈಟಿನ ವಿಳಾಸವಾಗುವ ಹೆಸರನ್ನು, ತನ್ನದೇ ಇಮೇಲ್ ಕೊಟ್ಟು ನೋಂದಾಯಿಸಿದ್ದ. ಬೆಂಗಳೂರಿನಲ್ಲಿ ನೌಕರಿ ಸಿಕ್ಕ ಮೇಲೆ ಆ ಇಮೇಲನ್ನು ತೆರೆಯುವುದನ್ನೇ ಬಿಟ್ಟ. ನವೀಕರಣದ ಸೂಚನೆಗಳೆಲ್ಲ ಅಲ್ಲಿಗೇ ಹೋಗಿ ಬಿದ್ದವು. ಡಾಟ್ ಕಾಮ್ ಹೆಸರಿನ ಅವಧಿ ತೀರಿದ ಕೂಡಲೇ ಅದು ಬೇರೆಯವರ ಪಾಲಾಗುವುದಿಲ್ಲ. ನೋಂದಣಿ ಕಂಪನಿ 45 ದಿನಗಳವರೆಗೆ ಕಾಯಬಹುದು, ಅನಂತರ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಆಮೇಲೆ ಅಳಿಸುವ ಮುನ್ನ 5 ದಿನ. ಇಷ್ಟೆಲ್ಲ ಅವಕಾಶ ಇದ್ದೂ ಕಾಕಾನಿಗೆ ಒಂದು ಮಾತು ತಿಳಿಸುವವರಿರಲಿಲ್ಲ; ಹೆಸರು ಕೈತಪ್ಪಿ ಫೋನಿನ ತರುಣನ ಪಾಲಾಯಿತು. ವೆಬ್‌ಸೈಟ್ ಮಾಡಿದ ಆ ಹುಡುಗನಲ್ಲಿ ಕೆಟ್ಟತನವಿರಲಿಲ್ಲ ಎಂದು ಬಲ್ಲೆ; ಆದರೆ ಇನ್ನೊಬ್ಬರ ಅಂಗಡಿಯ ಹೆಸರನ್ನು ತನ್ನ ಖಾತೆಯಲ್ಲಿಟ್ಟುಕೊಂಡವನು ಊರು ಬಿಡುವಾಗ ಅದನ್ನು ಒಪ್ಪಿಸಿ ಹೋಗಬೇಕಿತ್ತು ಎಂಬ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಅಂದಿನಿಂದ ಪ್ಯಾಕೆಟ್ ಮೇಲಿನ ಅಡ್ರೆಸ್ಸಿನ ಆ ಪ್ರಶ್ನೆಯೇ ಮನಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಸುತ್ತಿದೆ. ಡೊಮೇನ್ ಹೆಸರುಗಳ ಬೆಲೆಯ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವ ಕಥೆಗಳು ಬೇರೆ. ಬಿಸಿನೆಸ್ ಡಾಟ್ ಕಾಮ್ 1999ರಲ್ಲಿ 75 ಲಕ್ಷ ಡಾಲರ್‌ಗೆ ಮಾರಾಟವಾಯಿತು. 2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರ್‌ಗೆ ಹೋಯಿತು. ಇವು ಎಲ್ಲರ ಬಾಯಲ್ಲಿರುವ ಪದಗಳು. ಒಮ್ಮೆ ಕೇಳಿದರೆ ಸಾಕು, ತಪ್ಪಿಲ್ಲದೆ ಬರೆಯಬಹುದು. ಕೊಳ್ಳಲು ಹತ್ತಾರು ಕಂಪನಿಗಳು ಮುಂದೆ ಬರಬಹುದಾದ್ದರಿಂದ ಅವುಗಳಿಗೆ ಅಂಥ ಬೆಲೆ ಬರುತ್ತದೆ. ಕಾಕಾನ ಹೆಸರಿನಲ್ಲಿ ಇಂಥ ಯಾವ ಗುಣವೂ ಇಲ್ಲ. ಅದು ಉದ್ದ, ಮನೆತನದ ಹೆಸರಿನ ಜೊತೆಗೆ ಊರಿನ ಹೆಸರು. ಬ್ಯಾಡಗಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಕೆಲವರು 'ಡಿ' ಆದ ಮೇಲೆ 'ಎ' ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಫೋನಿನಲ್ಲಿ ಹೇಳಿದರೆ ಮುಂಬೈ ಗಿರಾಕಿ ಅರ್ಧ ಸಲ ತಪ್ಪು ಬರೆದುಕೊಳ್ಳುವಂಥ ಹೆಸರು. ಪೇಟೆಯಲ್ಲಿ ಹರಾಜಿಗಿಟ್ಟರೆ ಅದಕ್ಕೆ ನೂರು ರೂಪಾಯಿಯೂ ಹುಟ್ಟುವುದಿಲ್ಲ.

ಹಾಗಾದರೆ 1,10,000 ಎಲ್ಲಿಂದ ಬಂತು? ಪೌಚಿನಿಂದ ಬಂತು. ಅಚ್ಚಾಗಿ ಗೋದಾಮಿನಲ್ಲಿ ಕೂತಿರುವ ರೋಲುಗಳಿಂದ, ಆ ಹೆಸರಿನ ಇಮೇಲ್‌ಗೆ ಈಗಲೂ ಆರ್ಡರ್ ಕಳಿಸುವ ಹಳೆಯ ಗಿರಾಕಿಗಳಿಂದ, ದಬ್ಬಿ ಮೆಣಸಿನಕಾಯಿ ಎಂದರೆ ದಬ್ಬಿಯನ್ನೇ, ಕಡ್ಡಿ ಮೆಣಸಿನಕಾಯಿ ಎಂದರೆ ಕಡ್ಡಿಯನ್ನೇ ಕೊಟ್ಟು ಕಾಕಾ ವರ್ಷಗಟ್ಟಲೆ ಉಳಿಸಿಕೊಂಡ ನಂಬಿಕೆಯಿಂದ ಬಂತು. ಈ ಹೆಸರಿಗೆ ಜಗತ್ತಿನಲ್ಲಿ ಇರುವವನು ಒಬ್ಬನೇ ಗಿರಾಕಿ, ಮತ್ತು ಅವನು ಎಷ್ಟು ಸಿಕ್ಕಿಹಾಕಿಕೊಂಡಿದ್ದಾನೆ ಎಂಬುದೇ ಅದರ ಬೆಲೆ. ತರುಣ ಫೋನಿನಲ್ಲಿ ಅಳೆದು ನೋಡಿದ್ದು ಅದನ್ನೇ.

ದೂರು ಕೊಡುವ ದಾರಿ ಇದೆ. 1999ರಿಂದಲೂ ಇಂಥ ವ್ಯಾಜ್ಯಗಳಿಗೆಂದು ಅಂತರರಾಷ್ಟ್ರೀಯ ವಿಧಾನವೊಂದು ಜಾರಿಯಲ್ಲಿದೆ. ಆದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆ ಒಬ್ಬ ತೀರ್ಪುಗಾರನಿಗೇ 1,500 ಡಾಲರ್ ಶುಲ್ಕ, ಅಂದರೆ ಒಂದೂಕಾಲು ಲಕ್ಷ ರೂಪಾಯಿಗೂ ಮೇಲೆ. ತರುಣ ಹೇಳಿದ ದರ ಅದಕ್ಕಿಂತ ಸ್ವಲ್ಪವೇ ಕಡಿಮೆ ಇರುವುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಕಾಕಾ ನೆಚ್ಚಿಕೊಂಡಿದ್ದು ಬೇರೊಂದನ್ನು: "ನಮ್ಮ ಮೆಣಸಿನಕಾಯಿಗೆ ಜಿಐ ಸಿಕ್ಕೈತಲ್ಲೋ, ಅದನ್ನ ತೋರ್ಸಿದ್ರ ಆಗೂದಿಲ್ಲೇನು?" ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮನ್ನಣೆ, ಸಿಕ್ಕಿದ್ದು ನಿಜ. ಅದೇ 2011ರಲ್ಲಿ ಫ್ರಾನ್ಸಿನ ಶಾಂಪೇನ್ ಉತ್ಪಾದಕರ ಸಂಘ ಶಾಂಪೇನ್ ಡಾಟ್ ಸಿಓ ಎಂಬ ಹೆಸರಿಗಾಗಿ ದೂರು ಕೊಟ್ಟು ಸೋತಿತ್ತು. ಈ ವಿಧಾನ ಕಾಪಾಡುವುದು ಟ್ರೇಡ್‌ಮಾರ್ಕನ್ನು. ಊರಿನ ಹೆಸರಿಗಿರುವ ಭೌಗೋಳಿಕ ಮನ್ನಣೆ ಅಲ್ಲಿ ಟ್ರೇಡ್‌ಮಾರ್ಕ್ ಎನಿಸುವುದಿಲ್ಲ. ಅಂಥ ದೊಡ್ಡ ಸಂಘವೇ ಸೋತ ಜಾಗದಲ್ಲಿ, ಅಂಗಡಿಯ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿರದ ಕಾಕಾ ಹಳೆಯ ಬಿಲ್ಲುಗಳನ್ನು ಜೋಡಿಸಿಕೊಂಡು ಎಷ್ಟು ದಿನ ಹೋರಾಡಬೇಕು?

ಕಾನೂನು ನಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಡೊಮೇನ್ ಹೆಸರಿಗೂ ವ್ಯಾಪಾರದ ಗುರುತಿನ ರಕ್ಷಣೆ ಉಂಟು ಎಂದು ನಮ್ಮ ಸುಪ್ರೀಂ ಕೋರ್ಟ್ ಸತ್ಯಂ ಇನ್ಫೋವೇ ಪ್ರಕರಣದಲ್ಲಿ 2004ರಲ್ಲೇ ಹೇಳಿದೆ. ಆದರೂ ಕೋರ್ಟಿಗೆ ಹೋಗುವ ಖರ್ಚು, ಕಾಲ ಮತ್ತು ಮನಸ್ಸಿನ ಕಿರಿಕಿರಿಯನ್ನು ಸೇರಿಸಿ ಲೆಕ್ಕ ಹಾಕಿದರೆ ಸಣ್ಣ ವ್ಯಾಪಾರಿ ದುಡ್ಡು ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಈ ದಂಧೆ ನಿಂತಿರುವುದೇ ಆ ಲೆಕ್ಕದ ಮೇಲೆ.

ಕೊಟ್ಟುಬಿಡು ಎಂದೇ ನಾನು ಹೇಳಿದೆ. ಹೆಸರು ಯಾರ ಕೈಯಲ್ಲಿದೆಯೋ ಆ ವಿಳಾಸಕ್ಕೆ ಬರುವ ಇಮೇಲ್‌ಗಳೂ ಅವರ ಕೈ ಸೇರಬಹುದು. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳೂ ಅದರಲ್ಲಿರಬಹುದು. ಕಾಕಾ ಒಪ್ಪಲಿಲ್ಲ. "ನಾ ಬೆಳಿಸಿದ್ದಕ್ಕ ನಾನ ರೊಕ್ಕ ಕೊಡಬೇಕಂದ್ರ ಕೊಡೂದಿಲ್ಲ" ಎಂದು ಪೌಚನ್ನು ಮೇಜಿನ ಮೇಲಿಟ್ಟ. ಅಂದೇ ಸಂಜೆ ಬ್ಯಾಂಕಿನಲ್ಲಿದ್ದ ಹಳೆಯ ಇಮೇಲನ್ನು ಬದಲಾಯಿಸಿದೆವು. ಆಮೇಲೆ ಚಿಕ್ಕದೊಂದು ಡಾಟ್ ಇನ್ ಹೆಸರನ್ನು, ಕಾಕಾನದೇ ಫೋನ್, ಕಾಕಾನದೇ ಇಮೇಲ್ ಕೊಟ್ಟು 10 ವರ್ಷಕ್ಕೆ ನೋಂದಾಯಿಸಿದೆವು. ಇನ್ನು ಟ್ರೇಡ್‌ಮಾರ್ಕ್ ಅರ್ಜಿ ಹಾಕಬೇಕು. ಗೋದಾಮಿನಲ್ಲಿರುವ ರೋಲುಗಳಿಗೆ ಸ್ಟಿಕ್ಕರ್ ಹಚ್ಚುವುದೋ ಬಿಡುವುದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.